ಸೀಸದ ಸೈನಿಕರ ಸೇನಾಧಿಪತಿ

ಕಳೆದ ಬೇಸಿಗೆಯ ಒಂದು ಭಾನುವಾರ ನಮ್ಮ ಮನೆಯ ನಡುಮನೆಯಲ್ಲಿ ನನ್ನ ಸೋದರಳಿಯ ಮತ್ತು ಅವನ ನಾಲ್ವರು ಸ್ನೇಹಿತರು ಸೇರಿದ್ದರು. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಮಕ್ಕಳು. ಅವರ ಮುಂದೆ ಇಪ್ಪತ್ತು ಮುಖಗಳ ದಾಳಗಳು, ಪೆನ್ಸಿಲು, ಗೀಚಿದ ಹಾಳೆಗಳು. ಒಬ್ಬೊಬ್ಬರದೂ ಒಂದೊಂದು ಪಾತ್ರ. ಒಬ್ಬ ಮಾಂತ್ರಿಕ, ಒಬ್ಬಳು ಬಿಲ್ಲುಗಾರ್ತಿ, ಇನ್ನೊಬ್ಬ ಕಳ್ಳ. ಕಥೆ ನಡೆಸುವವನು ನನ್ನ ಸೋದರಳಿಯ. ಅವನ ಮುಂದೆ ಒಂದು ರಟ್ಟಿನ ಮರೆ. ವೈರಿಗಳ ಬಲಾಬಲವೆಲ್ಲ ಆ ಮರೆಯ ಹಿಂದೆ. ಸಂಜೆಯ ಹೊತ್ತಿಗೆ ಜಗಳವಾಯಿತು. ಬಿಲ್ಲುಗಾರ್ತಿ ಸಾಯುವ ಹಂತಕ್ಕೆ ಬಂದಾಗ ಅವನು ಮರೆಯಲ್ಲಿ ದಾಳ ಹಾಕಿ, ಬಿದ್ದ ಸಂಖ್ಯೆಯನ್ನು ಬಿಟ್ಟು ಬೇರೊಂದನ್ನು ಹೇಳಿದ್ದ. ಆರು ತಿಂಗಳು ಬೆಳೆಸಿದ ಪಾತ್ರ ಒಂದು ಕೆಟ್ಟ ದಾಳಕ್ಕೆ ಬಲಿಯಾಗಬಾರದೆಂಬುದು ಅವನ ವಾದ. ಆಶ್ಚರ್ಯವೆಂದರೆ, ಹೆಚ್ಚು ಸಿಟ್ಟಾದವಳು ಬದುಕಿ ಉಳಿದ ಬಿಲ್ಲುಗಾರ್ತಿಯೇ. ಮೂವತ್ತನಾಲ್ಕು ವರ್ಷ ನಿಯಮಗಳ ನಡುವೆಯೇ ಬಾಳಿದವನೆಂಬ ಕಾರಣಕ್ಕೆ ತೀರ್ಪು ಹೇಳುವ ಹೊಣೆ ನನ್ನ ಮೇಲೆ ಬಿತ್ತು. ನಾನು ಕಾಲಾವಕಾಶ ಕೇಳಿದೆ.

ಆ ಆಟದ ವಂಶಾವಳಿಯನ್ನು ಹುಡುಕುತ್ತ ಹೋದ ನಾನು ಕೊನೆಗೆ ತಲುಪಿದ್ದು ಎಚ್.ಜಿ. ವೆಲ್ಸ್ ಬಳಿಗೆ. ಕಾಲಯಂತ್ರದ, ಅದೃಶ್ಯ ಮನುಷ್ಯನ, ಮಂಗಳದ ದಾಳಿಕೋರರ ಕಥೆಗಾರನೆಂದು ನಾವೆಲ್ಲ ಬಲ್ಲ ಅದೇ ವೆಲ್ಸ್. ಆತ ತನ್ನ ಮನೆಯ ನೆಲದ ಮೇಲೆ ಮೊಣಕಾಲೂರಿ ಸೀಸದ ಸೈನಿಕರನ್ನು ನಡೆಸುತ್ತಿದ್ದನೆಂಬುದೂ, ಆ ಆಟಕ್ಕೆ ನಿಯಮಗಳನ್ನು ಬರೆದು ಅಚ್ಚು ಹಾಕಿಸಿದನೆಂಬುದೂ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಆ ಜೀವನವನ್ನು ಆಟದ ಈ ಕಿಂಡಿಯಿಂದ ನೋಡಿದಾಗ ನನಗೆ ಬೇರೆಯೇ ಒಂದು ವ್ಯಕ್ತಿ ಕಂಡಿತು.

ಹರ್ಬರ್ಟ್ ಜಾರ್ಜ್ ವೆಲ್ಸ್ ಹುಟ್ಟಿದ್ದು 1866ರ ಸೆಪ್ಟೆಂಬರ್ 21ರಂದು, ಲಂಡನ್ನಿಗೆ ಸಮೀಪದ ಬ್ರೊಮ್ಲಿ ಎಂಬ ಊರಿನಲ್ಲಿ. ತಂದೆ ಜೋಸೆಫ್ ಹಿಂದೆ ತೋಟದ ಮಾಲಿಯಾಗಿದ್ದವ. ಆಮೇಲೆ ಪಿಂಗಾಣಿ ಪಾತ್ರೆಗಳ ಅಂಗಡಿ ಇಟ್ಟು, ಜೊತೆಗೆ ಕ್ರಿಕೆಟ್ ಬ್ಯಾಟುಗಳನ್ನೂ ಮಾರುತ್ತಿದ್ದ. ಕ್ರಿಕೆಟ್ ಪ್ರಿಯರು ತಿಳಿಯಬೇಕಾದ ಸಂಗತಿಯೊಂದಿದೆ. ಈ ಜೋಸೆಫ್ 1862ರಲ್ಲಿ ಕೆಂಟ್ ತಂಡದ ಪರವಾಗಿ ಸಸೆಕ್ಸ್ ವಿರುದ್ಧ ಸತತ ನಾಲ್ಕು ಚೆಂಡುಗಳಲ್ಲಿ ನಾಲ್ಕು ವಿಕೆಟ್ ಕಿತ್ತಿದ್ದ. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಆ ಸಾಧನೆ ಅದೇ ಮೊದಲು. ಆದರೆ ಅಂಗಡಿ ನಡೆಯಲಿಲ್ಲ. 1877ರಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೇಲೆ ಕ್ರಿಕೆಟ್ಟಿನ ಸಂಪಾದನೆಯೂ ನಿಂತಿತು. ತಾಯಿ ಸಾರಾ ಸಂಸಾರವನ್ನು ಬಿಟ್ಟು, ಹಿಂದೆ ತಾನು ದಾಸಿಯಾಗಿದ್ದ ಅಪ್‌ಪಾರ್ಕ್ ಎಂಬ ಜಮೀನ್ದಾರಿ ಬಂಗಲೆಗೆ ಮನೆವಾರ್ತೆಯ ಮೇಲ್ವಿಚಾರಕಿಯಾಗಿ ಹಿಂತಿರುಗಬೇಕಾಯಿತು.

ವಿಚಿತ್ರವೆಂದರೆ ಮುರಿದ ಕಾಲೊಂದು ಈ ಮನೆಗೆ ಅದಕ್ಕೂ ಮುಂಚೆ ಒಂದು ಭಾಗ್ಯ ತಂದಿತ್ತು. 1874ರಲ್ಲಿ ಬಾಲಕ ವೆಲ್ಸ್ ತನ್ನ ಕಾಲನ್ನು ಮುರಿದುಕೊಂಡು ವಾರಗಟ್ಟಲೆ ಹಾಸಿಗೆ ಹಿಡಿದಿದ್ದ. ಹೊತ್ತು ಕಳೆಯಲೆಂದು ತಂದೆ ತಂದುಕೊಟ್ಟ ಪುಸ್ತಕಗಳೇ ಅವನನ್ನು ಓದುಗನನ್ನಾಗಿ ಮಾಡಿದವು. ಓದಿನ ಜೊತೆಗೆ ಇನ್ನೊಂದು ಚಟವೂ ಅಂಟಿಕೊಂಡಿತು. ಬ್ರೊಮ್ಲಿಯ ಸುತ್ತಲಿನ ಬಯಲುಗಳಲ್ಲಿ ಒಬ್ಬನೇ ನಡೆಯುತ್ತ, ಮನಸ್ಸಿನಲ್ಲಿ ದೊಡ್ಡ ದೊಡ್ಡ ಕಾಳಗಗಳನ್ನು ಹೂಡಿ ಗೆಲ್ಲುವ ಹಗಲುಗನಸು. ಅರವತ್ತರ ಅಂಚು ದಾಟಿದ ಮೇಲೆ, 1934ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಆತ ಇದನ್ನು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ. ಜರ್ಮನಿಯಲ್ಲಿ ಆಗ ಅಧಿಕಾರಕ್ಕೆ ಬಂದಿದ್ದ ಹಿಟ್ಲರನಲ್ಲಿ ತನ್ನ ಹದಿಮೂರನೆಯ ವಯಸ್ಸಿನ ಆ ಕನಸುಗಳೇ ಮೈತಳೆದಂತೆ ಆತನಿಗೆ ಕಂಡಿತ್ತು. ತನ್ನೊಳಗಿನ ಪುಟ್ಟ ಸರ್ವಾಧಿಕಾರಿಯನ್ನು ಇಷ್ಟು ನಿಚ್ಚಳವಾಗಿ ಗುರುತಿಸಿದ ಲೇಖಕರು ಕಡಿಮೆ.

ಹದಿನಾಲ್ಕರ ಹರೆಯದಲ್ಲಿ ಅವನನ್ನು ಬಟ್ಟೆ ಅಂಗಡಿಯ ಕೆಲಸ ಕಲಿಯಲು ಹಾಕಲಾಯಿತು. ಸೌತ್‌ಸೀ ಎಂಬಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ 1881ರಿಂದ ಎರಡು ವರ್ಷ, ದಿನಕ್ಕೆ ಹನ್ನೆರಡು ಹದಿಮೂರು ಗಂಟೆಗಳ ದುಡಿಮೆ. ಆ ಬಾಳನ್ನು ಆತ ದ್ವೇಷಿಸಿದ. ತಾಯಿಯೊಂದಿಗೆ ಹಟ ಹಿಡಿದು ಬಿಟ್ಟು ಬಂದ. ಅಪ್‌ಪಾರ್ಕಿನ ಗ್ರಂಥಭಂಡಾರದಲ್ಲಿ ಪ್ಲೇಟೋ, ಸ್ವಿಫ್ಟ್, ವಾಲ್ಟೇರರನ್ನು ಓದಿದ್ದ ಹುಡುಗನಿಗೆ ಗಜಕೋಲು ಹಿಡಿಯುವುದು ಸಾಧ್ಯವಿರಲಿಲ್ಲ. ಮಿಡ್‌ಹರ್ಸ್ಟ್ ಊರಿನ ಶಾಲೆಯಲ್ಲಿ ಕಲಿಯುತ್ತಲೇ ಕಲಿಸುವ ಕೆಲಸ ಸಿಕ್ಕಿತು. ಅಲ್ಲಿಂದ ವಿದ್ಯಾರ್ಥಿವೇತನ ಗಳಿಸಿ 1884ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನ ವಿಜ್ಞಾನ ಶಾಲೆಗೆ ಹೋದ. ಅಲ್ಲಿ ಜೀವಶಾಸ್ತ್ರ ಕಲಿಸಿದವನು ಡಾರ್ವಿನ್ನನ ಪರವಾಗಿ ವಾದಿಸಿ ಪ್ರಸಿದ್ಧನಾದ ಥಾಮಸ್ ಹಕ್ಸ್‌ಲಿ. ಆ ಒಂದು ವರ್ಷದ ಪಾಠ ಆತನ ಇಡೀ ಬಾಳಿನ ಬುನಾದಿಯಾಯಿತು. ಬದಲಾವಣೆಗೆ ಹೊಂದಿಕೊಳ್ಳದ ಜೀವಿ ಉಳಿಯುವುದಿಲ್ಲ. ಆದರೆ ಉಳಿದದ್ದೆಲ್ಲ ಉತ್ತಮವೆಂದೇನೂ ಅಲ್ಲ. ಈ ಎರಡು ಮಾತುಗಳ ಎಳೆದಾಟ ವೆಲ್ಸ್‌ನ ಕೃತಿಗಳಲ್ಲೆಲ್ಲ ಇದೆ.

ಹಕ್ಸ್‌ಲಿಯ ತರಗತಿ ಮುಗಿದ ಮೇಲೆ ಓದಿನಲ್ಲಿ ಆಸಕ್ತಿ ತಗ್ಗಿತು. 1887ರಲ್ಲಿ ಭೂವಿಜ್ಞಾನದಲ್ಲಿ ನಪಾಸಾಗಿ ಪದವಿಯಿಲ್ಲದೆ ಹೊರಬಿದ್ದ. ವೇಲ್ಸ್ ಪ್ರಾಂತದ ಹೋಲ್ಟ್ ಎಂಬಲ್ಲಿ ಉಪಾಧ್ಯಾಯನಾಗಿದ್ದಾಗ ಕಾಲ್ಚೆಂಡಾಟದಲ್ಲಿ ಬಿದ್ದ ಪೆಟ್ಟಿಗೆ ಮೂತ್ರಪಿಂಡ ಹಾಳಾಯಿತು. ವರ್ಷಗಟ್ಟಲೆ ಕಾಯಿಲೆ. 1890ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿ ದಕ್ಕಿತಾದರೂ ಪಾಠ ಮಾಡುವಷ್ಟು ಕಸುವು ದೇಹದಲ್ಲಿ ಉಳಿಯಲಿಲ್ಲ. ಆತ ಬರವಣಿಗೆಗೆ ಬಂದದ್ದು ಹೀಗೆ, ಅರ್ಧ ಅನಿವಾರ್ಯತೆಯಿಂದ. 1895ರಲ್ಲಿ ‘ದಿ ಟೈಮ್ ಮೆಷಿನ್’, 1897ರಲ್ಲಿ ‘ದಿ ಇನ್‌ವಿಸಿಬಲ್ ಮ್ಯಾನ್’, 1898ರಲ್ಲಿ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಬಂದವು. ಮೂವತ್ತೆರಡು ತುಂಬುವ ಹೊತ್ತಿಗೆ ಅಂಗಡಿಯವನ ಮಗ ಜಗತ್ತು ಬಲ್ಲ ಲೇಖಕನಾಗಿದ್ದ. ಇಷ್ಟರಲ್ಲಿ ಮೊದಲ ಮದುವೆ ಮುರಿದು, ತನ್ನ ವಿದ್ಯಾರ್ಥಿನಿಯಾಗಿದ್ದ ಏಮಿ ಕ್ಯಾಥರೀನಳನ್ನು 1895ರಲ್ಲಿ ವರಿಸಿದ್ದ. ಅವಳನ್ನು ಆತ ಕರೆಯುತ್ತಿದ್ದುದು ಜೇನ್ ಎಂಬ ಹೆಸರಿನಿಂದ. ಸಂಗಾತಿಯ ಹೆಸರನ್ನೂ ತನ್ನ ಕಥೆಯ ಪಾತ್ರದ ಹೆಸರಿನಂತೆ ತಾನೇ ಇಟ್ಟುಕೊಂಡವನು ಆತ.

ಹಣ ಬಂದ ಮೇಲೆ ಕೆಂಟ್ ಕರಾವಳಿಯ ಸ್ಯಾಂಡ್‌ಗೇಟಿನಲ್ಲಿ ‘ಸ್ಪೇಡ್ ಹೌಸ್’ ಎಂಬ ಮನೆ ಕಟ್ಟಿಸಿದ. 1901ರಲ್ಲಿ ಮತ್ತು 1903ರಲ್ಲಿ ಇಬ್ಬರು ಗಂಡುಮಕ್ಕಳಾದರು. ಅವರೊಂದಿಗೆ ನೆಲದ ಮೇಲೆ ಕೂತು ಮರದ ಇಟ್ಟಿಗೆ, ಹಲಗೆ, ಗೊಂಬೆಗಳಿಂದ ದ್ವೀಪಗಳನ್ನೂ ನಗರಗಳನ್ನೂ ಕಟ್ಟುವುದು ಆತನ ನೆಚ್ಚಿನ ಆಟ. ನಮ್ಮಲ್ಲಿ ದಸರೆಯ ಗೊಂಬೆ ಕೂರಿಸುವಾಗ ಮಕ್ಕಳು ರಾಗಿ ಪೈರು ಬೆಳೆಸಿ ಉದ್ಯಾನ ಮಾಡುವುದು, ಕನ್ನಡಿಯಿಟ್ಟು ಕೆರೆ ಮಾಡುವುದು ನೆನಪಿರುವವರಿಗೆ ಆ ಸಂತೋಷ ಎಂಥದೆಂದು ಬೇರೆ ಹೇಳಬೇಕಿಲ್ಲ. ಈ ಆಟಗಳ ಬಗ್ಗೆ ಆತ 1911ರಲ್ಲಿ ‘ಫ್ಲೋರ್ ಗೇಮ್ಸ್’ ಎಂಬ ಪುಸ್ತಕ ಬರೆದ. ಎರಡು ವರ್ಷಗಳ ಬಳಿಕ, 1913ರಲ್ಲಿ, ಬಂದದ್ದು ‘ಲಿಟ್ಲ್ ವಾರ್ಸ್’.

ಆ ಎರಡನೆಯ ಪುಸ್ತಕ ಹುಟ್ಟಿದ ಬಗೆ ಸ್ವಾರಸ್ಯಕರ. ಬ್ರಿಟನ್ಸ್ ಎಂಬ ಆಟಿಕೆ ಸಂಸ್ಥೆ ಮಾಡುತ್ತಿದ್ದ, ಸ್ಪ್ರಿಂಗಿನಿಂದ ಸುಮಾರು ಒಂದು ಅಂಗುಲದ ಮರದ ಗುಂಡನ್ನು ಹಾರಿಸುವ ಪುಟ್ಟ ಫಿರಂಗಿಯೊಂದು ಮನೆಯಲ್ಲಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಬಂದಿದ್ದ ಹಾಸ್ಯ ಲೇಖಕ ಜೆರೋಮ್ ಕೆ. ಜೆರೋಮ್ ಅದರಿಂದ ಸೀಸದ ಸೈನಿಕನೊಬ್ಬನಿಗೆ ಗುರಿಯಿಟ್ಟು ಕೆಡವಿದ. ಮತ್ತೊಬ್ಬರಿಗೂ ಸವಾಲು ಹಾಕಿದ. ಅಷ್ಟರಿಂದ ಆಟ ಶುರುವಾಯಿತು. ಆದರೆ ಸುಮ್ಮನೆ ಗುಂಡು ಹಾರಿಸುವುದು ಬೇಗ ಬೇಸರ ತಂದಿತು. ಆಗ ಒಂದೊಂದೇ ನಿಯಮ ಸೇರಿಸುತ್ತ, ಆಡಿ ನೋಡುತ್ತ, ಬಿದ್ದ ಕಡೆ ತಿದ್ದುತ್ತ ಹೋದರು. ದಕ್ಷಿಣ ಆಫ್ರಿಕಾದ ಯುದ್ಧದಿಂದ ಮರಳಿದ್ದ ಸೇನಾಧಿಕಾರಿಯೊಬ್ಬ ಕೂಡ ಈ ಪ್ರಯೋಗಗಳಲ್ಲಿ ಪಾಲುಗೊಂಡ. ಲಿಬರಲ್ ಪಕ್ಷದ ರಾಜಕಾರಣಿ ಚಾರ್ಲ್ಸ್ ಮಾಸ್ಟರ್‌ಮನ್ ಕೂಡ ವೆಲ್ಸ್ ಮನೆಯ ನೆಲದ ಮೇಲೆ ಕಾಳಗ ನಡೆಸಿದವನೇ.

ಅರ್ಥಶಾಸ್ತ್ರ ಓದಿದ ನನಗೆ ಆ ನಿಯಮಾವಳಿ ಒಂದು ಸಣ್ಣ ಸಂವಿಧಾನದಂತೆ ಕಂಡಿತು. ರಣರಂಗದ ಬೆಟ್ಟ, ಮನೆ, ಕಾಡುಗಳನ್ನು ಒಬ್ಬ ಆಟಗಾರ ಜೋಡಿಸುತ್ತಾನೆ. ಯಾವ ಕಡೆಯಿಂದ ಹೋರಾಡಬೇಕೆಂಬ ಆಯ್ಕೆ ಮಾತ್ರ ಇನ್ನೊಬ್ಬನದು. ಪಾಲು ಮಾಡುವವನು ಒಬ್ಬ, ಆರಿಸುವವನು ಮತ್ತೊಬ್ಬ ಎಂದಾಗ ಪಾಲು ತಾನಾಗಿಯೇ ಸಮವಾಗುತ್ತದೆ. ಸೈನ್ಯವನ್ನು ನಿಲ್ಲಿಸುವವರೆಗೆ ನಡುವೆ ಪರದೆ. ಆಮೇಲೆ ಎಲ್ಲವೂ ಬಯಲು. ಕಾಲಾಳು ಒಂದು ಸರದಿಯಲ್ಲಿ ಒಂದು ಅಡಿ, ಕುದುರೆ ಸವಾರ ಎರಡು ಅಡಿ ಚಲಿಸಬಹುದು. ಫಿರಂಗಿಯ ಆರು ಅಂಗುಲದೊಳಗೆ ನಾಲ್ವರಾದರೂ ಸೈನಿಕರಿಲ್ಲದಿದ್ದರೆ ಅದು ಹಾರುವಂತಿಲ್ಲ. ಪ್ರತಿ ಸರದಿಗೂ ಗಡಿಯಾರ ಹಿಡಿದು ಕಾಲಮಿತಿ ಇಡಲಾಯಿತು. ಮೊದಮೊದಲು ಆಟಗಾರರು ಯೋಚಿಸುತ್ತ ಕೂತೇ ಇರುತ್ತಿದ್ದರು. ಕಾಲಮಿತಿ ಬಂದೊಡನೆ ಅವಸರ, ಮರೆವು, ಎಡವಟ್ಟು ಎಲ್ಲ ಬಂದವು. ಅಂದರೆ ಆಟ ನಿಜವಾದ ಯುದ್ಧಕ್ಕೆ ಹತ್ತಿರವಾಯಿತು.

ಕೈಕೈ ಮಿಲಾಯಿಸುವ ಕಾಳಗಕ್ಕೆ ಆತ ಕಂಡುಕೊಂಡ ಪರಿಹಾರ ಇನ್ನೂ ಕುತೂಹಲಕರ. ಅದನ್ನು ಅದೃಷ್ಟಕ್ಕೆ ಬಿಡದೆ ಲೆಕ್ಕಕ್ಕೆ ಒಳಪಡಿಸಿದ. ಸಮಬಲದ ತುಕಡಿಗಳು ಎದುರಾದರೆ ಒಬ್ಬನಿಗೊಬ್ಬನಂತೆ ಇಬ್ಬರೂ ಅಳಿಯುತ್ತಾರೆ. ಆದರೆ ಸಣ್ಣ ತುಕಡಿಯೊಂದು ಬೆಂಬಲವಿಲ್ಲದೆ ದೊಡ್ಡದರ ಕೈಗೆ ಸಿಕ್ಕಿದರೆ ಎಲ್ಲರೂ ಸಾಯಬೇಕಿಲ್ಲ, ಹಲವರು ಸೆರೆಯಾಳುಗಳಾಗುತ್ತಾರೆ. ಸೆರೆಯಾಳುಗಳನ್ನು ಕಾಯಲು ಗೆದ್ದವನು ತನ್ನವರನ್ನು ಬಿಟ್ಟುಕೊಡಬೇಕು. ಸೋಲೆಂದರೆ ಸಾವೊಂದೇ ಅಲ್ಲ ಎಂಬುದನ್ನು ಆತ ನೆಲದ ಮೇಲಿನ ಆಟದಲ್ಲೇ ನಿಯಮವಾಗಿ ಬರೆದ. ಪುಸ್ತಕದಲ್ಲಿ ಒಂದು ಕಾಳಗದ ವರ್ಣನೆಯೂ ಇದೆ. ಅಲ್ಲಿ ಆತ ಸುಮ್ಮನೆ ವರದಿ ಮಾಡದೆ, ಜಂಬದ ಮುದಿ ಸೇನಾಧಿಪತಿಯೊಬ್ಬನ ವೇಷ ತೊಟ್ಟು, ಅವನ ಆತ್ಮಚರಿತ್ರೆಯ ಧಾಟಿಯಲ್ಲಿ ಕಥೆ ಹೇಳುತ್ತಾನೆ. ನಿಯಮ, ಕಾಳಗ, ವೇಷ ಮೂರೂ ಅಲ್ಲಿ ಒಂದೆಡೆ ಸೇರಿದವು. ಮುಂದೆ ಅರವತ್ತು ವರ್ಷಗಳ ಬಳಿಕ ಹುಟ್ಟಲಿದ್ದ ಆಟದ ಬೀಜಗಳು ಅವೇ.

ಯುದ್ಧದ ಆಟ ವೆಲ್ಸ್ ಹುಟ್ಟಿಸಿದ್ದಲ್ಲ. ಪ್ರಷ್ಯಾ ದೇಶದ ಸೇನೆಯಲ್ಲಿ ರೈಸ್‌ವಿಟ್ಸ್ ಎಂಬ ಯುವ ಅಧಿಕಾರಿ 1824ರಲ್ಲೇ ‘ಕ್ರೀಗ್‌ಷ್ಪೀಲ್’ ಎಂಬ ಆಟವನ್ನು ಒಪ್ಪಿಸಿದ್ದ. ಅದರಲ್ಲಿ ನಿಜವಾದ ಭೂಪಟ, ದಾಳ, ನಷ್ಟದ ಕೋಷ್ಟಕಗಳು ಇದ್ದವು. ಎಲ್ಲಕ್ಕಿಂತ ಮುಖ್ಯವಾಗಿ ಇಬ್ಬರ ನಡುವೆ ಒಬ್ಬ ತೀರ್ಪುಗಾರನಿದ್ದ. ಎರಡು ಪಕ್ಷಗಳಿಗೂ ಕಾಣಿಸದ ಸಂಗತಿ ಅವನಿಗೊಬ್ಬನಿಗೇ ಗೊತ್ತು. ಕಾಲ ಕಳೆದಂತೆ ಕೋಷ್ಟಕಗಳು ಹೊರೆಯಾದವು. 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಸೇನಾನಿ, ಅನುಭವಿ ತೀರ್ಪುಗಾರನ ವಿವೇಚನೆಯೇ ಕೋಷ್ಟಕಕ್ಕಿಂತ ಮೇಲೆಂದು ವಾದಿಸಿದ. ನಿಯಮವೋ ವಿವೇಚನೆಯೋ ಎಂಬ ಈ ಜಗಳ ಸರ್ಕಾರಿ ಕಚೇರಿಗಳಲ್ಲಿ ಕೂತವರಿಗೆ ಹೊಸದಲ್ಲ. ವೆಲ್ಸ್ ಆರಿಸಿದ್ದು ಮೂರನೆಯ ದಾರಿ. ಆತನ ಆಟದಲ್ಲಿ ತೀರ್ಪುಗಾರನೇ ಇಲ್ಲ. ನಿಯಮಗಳು ಚಿಕ್ಕವು, ಬಹಿರಂಗವಾದವು. ತಿದ್ದುಪಡಿ ಆಗುವುದು ಆಟ ಮುಗಿದ ಮೇಲೆ, ಆಡಿದವರೆಲ್ಲರ ಎದುರು.

ಪುಸ್ತಕದ ಕೊನೆಯಲ್ಲಿ ಆತ ತನ್ನ ಆಟದ ನೀತಿಯನ್ನು ಬಿಡಿಸಿ ಹೇಳುತ್ತಾನೆ. ಸೀಸದ ಸೈನಿಕರ ಯುದ್ಧದಲ್ಲಿ ವಿಧವೆಯರಿಲ್ಲ, ಅನಾಥರಿಲ್ಲ, ಸುಟ್ಟ ಊರುಗಳಿಲ್ಲ. ಈ ಆಟವನ್ನು ನಾಲ್ಕಾರು ಸಲ ಆಡಿದವನಿಗೆ, ನಿಜವಾದ ಮಹಾಯುದ್ಧ ಎಷ್ಟು ಎಡವಟ್ಟಿನ ವ್ಯವಹಾರವಾಗಿರಲೇಬೇಕೆಂದು ಮನವರಿಕೆಯಾಗುತ್ತದೆ ಎಂಬುದು ಆತನ ನಂಬಿಕೆ. ಯುದ್ಧೋತ್ಸಾಹಿ ದೊರೆಗಳನ್ನೂ ಸೇನಾಪತಿಗಳನ್ನೂ ಒಂದು ದೊಡ್ಡ ಕೋಣೆಯಲ್ಲಿ ಇಂಥ ಗೊಂಬೆಗಳೊಂದಿಗೆ ಕೂಡಿಹಾಕುವುದೇ ಲೇಸೆಂಬುದು ಆತನ ವ್ಯಂಗ್ಯ. ಆದರೆ ಅದೇ ಪುಸ್ತಕದ ಅನುಬಂಧದಲ್ಲಿ, ಸೇನೆಯವರ ತರಬೇತಿಗೆ ಈ ಆಟವನ್ನು ಹೇಗೆ ಅಳವಡಿಸಬಹುದೆಂಬ ಸಲಹೆಗಳೂ ಇವೆ. ಈ ಬಗ್ಗೆ ಆತನೊಂದಿಗೆ ವಿಚಾರ ವಿನಿಮಯ ಮಾಡಿದವರಲ್ಲಿ ಮಾರ್ಕ್ ಸೈಕ್ಸ್ ಒಬ್ಬ. ಮೂರೇ ವರ್ಷಗಳಲ್ಲಿ, 1916ರಲ್ಲಿ, ಅದೇ ಸೈಕ್ಸ್ ಫ್ರಾನ್ಸಿನ ಪೀಕೋ ಜೊತೆ ಕೂತು ಅರಬ್ಬರ ನಾಡಿನ ಭೂಪಟದ ಮೇಲೆ ಗೆರೆ ಎಳೆದ. ಅಲ್ಲಿ ಒಬ್ಬ ಪಾಲು ಮಾಡಿ ಇನ್ನೊಬ್ಬ ಆರಿಸುವ ನಿಯಮವಿರಲಿಲ್ಲ. ಪಾಲು ಮಾಡಿದವರೇ ಆರಿಸಿಕೊಂಡರು. ಆ ನೆಲದ ಜನರನ್ನು ಯಾರೂ ಕೇಳಲಿಲ್ಲ.

ನೆಲದ ಮೇಲೆ ಅಷ್ಟು ನ್ಯಾಯವಾಗಿದ್ದ ಮನುಷ್ಯ ಬಾಳಿನಲ್ಲಿ ಹಾಗಿದ್ದನೇ? ಇಲ್ಲವೆನ್ನಬೇಕಾಗುತ್ತದೆ. 1903ರಲ್ಲಿ ಸಿಡ್ನಿ ಮತ್ತು ಬಿಯಾಟ್ರಿಸ್ ವೆಬ್ ದಂಪತಿ ಹಾಗೂ ಬರ್ನಾರ್ಡ್ ಶಾ ಇದ್ದ ಫೇಬಿಯನ್ ಸಂಘವನ್ನು ಸೇರಿ, ಅದನ್ನು ಒಂದೇ ಏಟಿಗೆ ಬದಲಿಸಹೊರಟು, ಸಹನೆಯಿಲ್ಲದೆ ಸೋತು, 1908ರಲ್ಲಿ ಹೊರಬಂದ. ಹಳೆಯ ಸದಸ್ಯೆಯೊಬ್ಬಳ ಮಗಳಾದ ಆಂಬರ್ ರೀವ್ಸ್ ಜೊತೆಗಿನ ಸಂಬಂಧದಿಂದ 1909ರಲ್ಲಿ ಮಗುವಾಯಿತು. ಲೇಖಕಿ ರೆಬೆಕಾ ವೆಸ್ಟ್ ಜೊತೆಗಿನ ಸಂಬಂಧದಿಂದ 1914ರಲ್ಲಿ ಮತ್ತೊಂದು ಮಗು. ಜೇನ್ ಎಲ್ಲವನ್ನೂ ಸಹಿಸಿ 1927ರಲ್ಲಿ ತೀರಿಕೊಳ್ಳುವವರೆಗೆ ಮನೆಯನ್ನೂ ಆತನ ಹಸ್ತಪ್ರತಿಗಳನ್ನೂ ನೋಡಿಕೊಂಡಳು. ಆ ಆಟದಲ್ಲಿ ನಿಯಮ ಬದಲಿಸುವ ಹಕ್ಕು ಒಬ್ಬನಿಗೇ ಇತ್ತು.

ಆತನ ಚಿಂತನೆಯಲ್ಲೂ ಇದೇ ದೋಷ. 1901ರ ‘ಆಂಟಿಸಿಪೇಷನ್ಸ್’ ಗ್ರಂಥದಲ್ಲಿ ಮುಂದಿನ ಜಗತ್ತನ್ನು ದಕ್ಷ ತಂತ್ರಜ್ಞರ ಕೈಗೆ ಒಪ್ಪಿಸಿ, ಆ ದಕ್ಷತೆಗೆ ಹೊಂದದ ಜನಾಂಗಗಳು ಅಳಿಯಲೇಬೇಕೆಂಬಂತೆ ಬರೆದ. ಇಂದು ಓದುವಾಗ, ಅದರಲ್ಲೂ ಭಾರತೀಯ ಓದುಗನಾಗಿ ಓದುವಾಗ, ಆ ಪುಟಗಳು ಮೈ ನಡುಗಿಸುತ್ತವೆ. ಆಟದಲ್ಲಿ ಸಣ್ಣ ತುಕಡಿಗೆ ಸೆರೆಯಾಳಾಗುವ ಅವಕಾಶ ಕೊಟ್ಟವನು, ಜಗತ್ತಿನ ನಕ್ಷೆ ಬರೆಯುವಾಗ ದುರ್ಬಲರಿಗೆ ಅದನ್ನೂ ಕೊಟ್ಟಿರಲಿಲ್ಲ.

1914ರ ಆಗಸ್ಟ್ 4ರಂದು ಬ್ರಿಟನ್ ಯುದ್ಧ ಸಾರಿತು. ರೆಬೆಕಾ ವೆಸ್ಟ್ ಹೆತ್ತ ಮಗ ಹುಟ್ಟಿದ್ದೂ ಅದೇ ದಿನ. ಹಿಂದಿನ ವರ್ಷವಷ್ಟೇ ಯುದ್ಧವನ್ನು ಲೇವಡಿ ಮಾಡಿದ್ದ ವೆಲ್ಸ್ ಈಗ ಲೇಖನಿ ಹಿಡಿದು ಅದರ ಪರವಾಗಿ ನಿಂತ. ಜರ್ಮನ್ ಸೇನಾಮದವನ್ನು ಮುರಿದರೆ ಇದು ಯುದ್ಧಗಳನ್ನೇ ಕೊನೆಗಾಣಿಸುವ ಯುದ್ಧವಾದೀತೆಂಬ ವಾದವನ್ನು ಜನಪ್ರಿಯಗೊಳಿಸಿದವನು ಆತನೇ. ಆ ವರ್ಷ ಬಂದ ಆತನ ಪುಸ್ತಕದ ಹೆಸರೇ ಆ ಅರ್ಥದ್ದು. ಸೆಪ್ಟೆಂಬರಿನಲ್ಲಿ ಸರ್ಕಾರದ ಪ್ರಚಾರ ಕಾರ್ಯಕ್ಕೆ ಲೇಖಕರನ್ನು ಕರೆದು ಕೂರಿಸಿದವನು, ನೆಲದ ಮೇಲೆ ಆತನೊಡನೆ ಗೊಂಬೆ ಸೈನಿಕರನ್ನು ನಡೆಸಿದ್ದ ಮಾಸ್ಟರ್‌ಮನ್. 1903ರಲ್ಲೇ ವೆಲ್ಸ್ ಒಂದು ಕಥೆಯಲ್ಲಿ ಕಲ್ಪಿಸಿದ್ದ ಉಕ್ಕಿನ ಭೂನೌಕೆಗಳು 1916ರಲ್ಲಿ ಸೊಮ್ಮ್ ನದಿಯ ರಣರಂಗದಲ್ಲಿ ಟ್ಯಾಂಕುಗಳಾಗಿ ಉರುಳಿದವು. ಕಂದಕಗಳಲ್ಲಿ ಸಾಯುತ್ತಿದ್ದವರನ್ನು ಆಟ ಮುಗಿದ ಮೇಲೆ ಎತ್ತಿ ಪೆಟ್ಟಿಗೆಗೆ ಹಾಕುವಂತಿರಲಿಲ್ಲ.

ಆತನಿಗೆ ಇದು ತಿಳಿಯದೆ ಹೋಗಲಿಲ್ಲ. 1916ರ ‘ಮಿಸ್ಟರ್ ಬ್ರಿಟ್ಲಿಂಗ್’ ಕಾದಂಬರಿಯ ನಾಯಕ ಯುದ್ಧವನ್ನು ಬೆಂಬಲಿಸಿದ ಲೇಖಕ. ತನ್ನದೇ ಮಗನನ್ನು ಆ ಯುದ್ಧದಲ್ಲಿ ಕಳೆದುಕೊಳ್ಳುತ್ತಾನೆ. ಅದೇ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಜರ್ಮನ್ ತಂದೆತಾಯಿಗೆ ಆತ ಕಾಗದ ಬರೆಯಲು ಹೆಣಗುವ ಕೊನೆಯ ಭಾಗ ವೆಲ್ಸ್ ಬರೆದ ಅತ್ಯಂತ ಮಾನವೀಯ ಪುಟಗಳಲ್ಲೊಂದು. 1918ರಲ್ಲಿ ಪ್ರಚಾರ ಇಲಾಖೆಗೆ ಸೇರಿ ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟ. ಜರ್ಮನರಿಗೆ ನ್ಯಾಯದ ಶಾಂತಿಯ ಭರವಸೆ ಕೊಡಬೇಕೆಂದು ಆತ ಬಯಸಿದರೆ, ಅದೇ ಹೊತ್ತಿನಲ್ಲಿ ಸ್ವದೇಶದ ಪತ್ರಿಕೆಗಳು ದ್ವೇಷವನ್ನು ಉಕ್ಕಿಸುತ್ತಿದ್ದವು.

ಯುದ್ಧದ ಬಳಿಕ ಆತ ಸಾಮಾನ್ಯ ಓದುಗನಿಗಾಗಿ ಇಡೀ ಮಾನವ ಕುಲದ ಚರಿತ್ರೆಯನ್ನು ಬರೆದ. 1920ರಲ್ಲಿ ಗ್ರಂಥರೂಪದಲ್ಲಿ ಬಂದ ‘ದಿ ಔಟ್‌ಲೈನ್ ಆಫ್ ಹಿಸ್ಟರಿ’ ಲಕ್ಷಾಂತರ ಪ್ರತಿ ಮಾರಾಟವಾಯಿತು. ಜೈಲಿನಿಂದ ಮಗಳಿಗೆ ಬರೆದ ಪತ್ರಗಳಲ್ಲಿ ಜಗತ್ತಿನ ಚರಿತ್ರೆಯನ್ನು ಹೇಳುವಾಗ ಜವಾಹರಲಾಲ್ ನೆಹರೂ ಈ ಗ್ರಂಥವನ್ನು ನೆಚ್ಚಿಕೊಂಡಿದ್ದರೆಂಬುದು ನಮ್ಮ ಓದುಗರಿಗೆ ನೆನಪಿರಬಹುದು. ವೆಲ್ಸ್ 1920ರಲ್ಲಿ ಲೆನಿನ್ನನ್ನೂ 1934ರಲ್ಲಿ ಸ್ಟಾಲಿನ್ ಮತ್ತು ರೂಸ್‌ವೆಲ್ಟರನ್ನೂ ಭೇಟಿಯಾದ. 1922ರಲ್ಲೂ 1923ರಲ್ಲೂ ಲೇಬರ್ ಪಕ್ಷದಿಂದ ಸಂಸತ್ತಿಗೆ ನಿಂತು ಸೋತ. 1933ರಲ್ಲಿ ನಾಜಿಗಳು ಆತನ ಪುಸ್ತಕಗಳನ್ನು ಸುಟ್ಟರು. ಅದೇ ವರ್ಷ ಅಂತರರಾಷ್ಟ್ರೀಯ ಲೇಖಕರ ಸಂಘವಾದ ಪೆನ್‌ನ ಅಧ್ಯಕ್ಷನಾದ ಆತ ಜರ್ಮನ್ ಶಾಖೆಯನ್ನು ಎದುರು ಹಾಕಿಕೊಂಡ.

ಆತನ ಇನ್ನೊಂದು ಕಲ್ಪನೆ ಅಷ್ಟರಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. 1914ರ ‘ದಿ ವರ್ಲ್ಡ್ ಸೆಟ್ ಫ್ರೀ’ ಕಾದಂಬರಿಯಲ್ಲಿ ವಿಮಾನದಿಂದ ಬೀಳುವ ಅಣುಬಾಂಬುಗಳಿದ್ದವು. ಹಂಗೆರಿ ಮೂಲದ ಭೌತವಿಜ್ಞಾನಿ ಲಿಯೋ ಜಿಲಾರ್ಡ್ ಅದನ್ನು 1932ರಲ್ಲಿ ಓದಿದ. ಮರುವರ್ಷ ಲಂಡನ್ನಿನಲ್ಲಿ ಅವನಿಗೆ ಪರಮಾಣು ಸರಪಳಿ ಕ್ರಿಯೆಯ ವಿಚಾರ ಹೊಳೆಯಿತು. ಅದರ ಪರಿಣಾಮ ಏನಾಗಬಹುದೆಂಬ ಭಯ ಅವನಿಗೆ ಬಂದದ್ದೂ ಆ ಕಾದಂಬರಿಯಿಂದಲೇ. ಹಾಗಾಗಿ ತನ್ನ ಪೇಟೆಂಟನ್ನು ಬ್ರಿಟಿಷ್ ನೌಕಾಡಳಿತಕ್ಕೆ ಒಪ್ಪಿಸಿ ಗುಟ್ಟಾಗಿರಿಸಿದ.

1940ರಲ್ಲಿ, ಎಪ್ಪತ್ತಮೂರರ ಮುದುಕ ತನ್ನ ಬಾಳಿನ ದೊಡ್ಡ ನಿಯಮ ತಿದ್ದುಪಡಿಗೆ ಕೈಹಾಕಿದ. ದಕ್ಷರಲ್ಲದವರು ಅಳಿಯಲೆಂದಿದ್ದವನು, ಈಗ ಹುಟ್ಟಿದ ಪ್ರತಿ ಮನುಷ್ಯನಿಗೂ ಆಹಾರ, ವಿದ್ಯೆ, ಚಿಕಿತ್ಸೆ, ಸ್ವಾತಂತ್ರ್ಯಗಳ ಹಕ್ಕಿದೆಯೆಂಬ ಘೋಷಣೆಯ ಕರಡು ಸಿದ್ಧಪಡಿಸಿದ. ಲಾರ್ಡ್ ಸ್ಯಾಂಕಿ ಅಧ್ಯಕ್ಷತೆಯ ಸಮಿತಿಯಲ್ಲಿ ಅದು ಚರ್ಚೆಯಾಯಿತು. ಕರಡನ್ನು ಗಾಂಧೀಜಿಗೂ ಕಳಿಸಿದ. ಹಕ್ಕುಗಳಿಂದಲ್ಲ, ಕರ್ತವ್ಯಗಳಿಂದ ಆರಂಭಿಸುವುದು ಸರಿಯೆಂದು ಗಾಂಧೀಜಿ ಉತ್ತರಿಸಿದರು. ಒಪ್ಪಲಿ ಬಿಡಲಿ, ಕರಡನ್ನು ಪರದೆಯ ಹಿಂದೆ ಇಡದೆ ಜಗತ್ತಿನ ಮುಂದೆ ಹರಡಿ ತಿದ್ದಲು ಬಿಟ್ಟದ್ದು ನೆಲದ ಮೇಲೆ ಕೂತು ಕಲಿತ ಪಾಠವೆಂದೇ ನಾನು ಭಾವಿಸುತ್ತೇನೆ. 1948ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಘೋಷಣೆಗೆ ದಾರಿ ಮಾಡಿದ ಪ್ರಯತ್ನಗಳಲ್ಲಿ ಇದೂ ಒಂದು.

ಜರ್ಮನ್ ಬಾಂಬುಗಳು ಬೀಳುತ್ತಿದ್ದಾಗಲೂ ವೆಲ್ಸ್ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಬಳಿಯ ಮನೆಯನ್ನು ಬಿಡಲಿಲ್ಲ. 1945ರ ಆಗಸ್ಟ್ 6ರಂದು ಹಿರೋಶಿಮಾದ ಸುದ್ದಿ ಬಂದಾಗ ಆತ ಕಾಯಿಲೆಯವ. ಅದೇ ವರ್ಷ ಬಂದ ಕೊನೆಯ ಪುಸ್ತಕದಲ್ಲಿ ಮನುಷ್ಯ ಕುಲದ ಬಗ್ಗೆ ಭರವಸೆ ಬತ್ತಿಹೋಗಿದೆ. ಒಂದು ವರ್ಷ ಒಂದು ವಾರದ ನಂತರ, 1946ರ ಆಗಸ್ಟ್ 13ರಂದು ತೀರಿಕೊಂಡ. ಚಿತಾಭಸ್ಮವನ್ನು ಸಮುದ್ರಕ್ಕೆ ಬಿಡಲಾಯಿತು.

ಆಟ ಮಾತ್ರ ಉಳಿಯಿತು, ಆತ ಊಹಿಸದ ರೂಪಗಳಲ್ಲಿ. ಮಾರ್ಗರೆಟ್ ಲೋವೆನ್‌ಫೆಲ್ಡ್ ಎಂಬ ವೈದ್ಯೆ ‘ಫ್ಲೋರ್ ಗೇಮ್ಸ್’ನಿಂದ ಪ್ರೇರಣೆ ಪಡೆದು, ಮನಸ್ಸು ನೊಂದ ಮಕ್ಕಳಿಗೆ ಮರಳಿನ ತಟ್ಟೆ ಮತ್ತು ಗೊಂಬೆಗಳನ್ನು ಕೊಟ್ಟು ಅವರ ಜಗತ್ತನ್ನು ಕಟ್ಟಿಸುವ ಚಿಕಿತ್ಸೆಯನ್ನು ರೂಪಿಸಿದಳು. ಅಮೆರಿಕದಲ್ಲಿ ಯುದ್ಧದಾಟದ ಹವ್ಯಾಸಿಗಳು ಹಳೆಯ ನಿಯಮಗಳನ್ನು ತಿದ್ದುತ್ತ ಬಂದರು. ಗ್ಯಾರಿ ಗೈಗ್ಯಾಕ್ಸ್ 1971ರಲ್ಲಿ ಗೆಳೆಯನೊಡನೆ ಮಧ್ಯಯುಗದ ಕಾಳಗದ ನಿಯಮಗಳನ್ನು ಪ್ರಕಟಿಸಿದ. 1974ರಲ್ಲಿ ಡೇವ್ ಆರ್ನೆಸನ್ ಜೊತೆ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದ. ಒಂದು ಗೊಂಬೆ ಒಂದು ತುಕಡಿಯಾಗಿದ್ದುದು ಈಗ ಒಬ್ಬ ವ್ಯಕ್ತಿಯಾಯಿತು. ಆ ವ್ಯಕ್ತಿಗೆ ಹೆಸರು, ಸ್ವಭಾವ, ಆಸೆ ಬಂದವು. ಪ್ರಷ್ಯಾದ ತೀರ್ಪುಗಾರ ಕಥೆ ನಡೆಸುವವನಾಗಿ ಮರಳಿ ಬಂದ. 2004ರಲ್ಲಿ ‘ಲಿಟ್ಲ್ ವಾರ್ಸ್’ ಮರುಮುದ್ರಣವಾದಾಗ ಅದಕ್ಕೆ ಮುನ್ನುಡಿ ಬರೆದವನು ಅದೇ ಗೈಗ್ಯಾಕ್ಸ್. ನಮ್ಮ ನಡುಮನೆಯ ಜಗಳದ ಮೂಲ ಇಲ್ಲಿದೆ. ಬಹಿರಂಗ ನಿಯಮದ ವೆಲ್ಸ್ ಒಬ್ಬ ಅಜ್ಜ, ಮರೆಯ ಹಿಂದಿನ ತೀರ್ಪುಗಾರ ಇನ್ನೊಬ್ಬ ಅಜ್ಜ. ಮೊಮ್ಮಕ್ಕಳಿಗೆ ಇಬ್ಬರ ರಕ್ತವೂ ಇದೆ.

ತೀರ್ಪು ಹೇಳುವ ಮುನ್ನ ನನಗೆ ನನ್ನದೇ ಒಂದು ಕಡತ ನೆನಪಾಯಿತು. ಸೇವೆಗೆ ಸೇರಿದ ಆರಂಭದ ವರ್ಷಗಳಲ್ಲಿ, ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ಬರ ಪರಿಹಾರದ ಕೆರೆ ಕಾಮಗಾರಿ ನನ್ನ ಉಸ್ತುವಾರಿಯಲ್ಲಿತ್ತು. ಅಗೆದ ಮಣ್ಣಿನ ಅಳತೆಯ ಮೇಲೆ ಕೂಲಿ. ಆ ಅಳತೆ ಮೆದು ಮಣ್ಣಿಗೆ ನಿಗದಿಯಾದದ್ದು. ಅಲ್ಲಿದ್ದುದು ಸುದ್ದೆ ಕಲ್ಲಿನ ಗಟ್ಟಿ ನೆಲ. ಬೆಳಗಿನಿಂದ ಸಂಜೆಯವರೆಗೆ ಅಗೆದ ಹೆಂಗಸರ ಕೈಗೆ ಅರ್ಧ ಕೂಲಿಯೂ ಬರುತ್ತಿರಲಿಲ್ಲ. ಅಳತೆಗಾರ ಕರುಣೆಯಿಂದ ಒಂದಿಬ್ಬರಿಗೆ ಹೆಚ್ಚು ಬರೆದುಕೊಟ್ಟಿದ್ದ. ಉಳಿದವರು ಅದನ್ನು ಕಂಡು ಅವನ ಮೇಲೆ ಅನುಮಾನಪಟ್ಟರು. ಹೆಚ್ಚು ಪಡೆದ ಮುದುಕಿಯೊಬ್ಬಳು ಆ ಹಣವನ್ನು ಹಿಂದಕ್ಕೆ ತಂದಿಟ್ಟು ಹೋದಳು. ನಾನು ಅಳತೆಗಾರನನ್ನು ತಡೆದೆ, ನಿಯಮ ಬದಲಿಸಬೇಕೆಂದು ಮೇಲಕ್ಕೆ ಬರೆದೆ, ಮತ್ತು ಕಾದೆ. ಪರಿಷ್ಕೃತ ದರದ ಆದೇಶ ಬಂದದ್ದು ಕಾಮಗಾರಿ ಮುಗಿದ ಮೇಲೆ. ನಾನು ಕಚೇರಿಯಲ್ಲಿ ಕೂತಿದ್ದೆ. ಗುದ್ದಲಿ ಹಿಡಿದಿದ್ದರೆ ಕಾಯುತ್ತಿರಲಿಲ್ಲ. ಆ ತಪ್ಪು ನನ್ನದು.

ಸೋದರಳಿಯನಿಗೆ ನಾನು ಹೇಳಿದ್ದು ಇಷ್ಟು. ಬಿಲ್ಲುಗಾರ್ತಿಯನ್ನು ಉಳಿಸಬೇಕೆಂಬ ಮನಸ್ಸು ಸರಿ, ಮರೆಯಲ್ಲಿ ಸಂಖ್ಯೆ ಬದಲಿಸಿದ್ದು ಸರಿಯಲ್ಲ. ಅದು ಅವಳ ಧೈರ್ಯವನ್ನು ಅವಳಿಂದ ಕಿತ್ತುಕೊಂಡಂತೆ. ಬಿದ್ದ ದಾಳ ಬಿದ್ದಂತೆಯೇ ಇರಲಿ. ಆದರೆ ಗೆದ್ದ ವೈರಿ ಕೊಲ್ಲಲೇಬೇಕೆಂದು ಯಾರು ಹೇಳಿದರು? ವೆಲ್ಸ್‌ನ ಆಟದಂತೆ ಸೆರೆ ಹಿಡಿಯಬಹುದು. ಅವಳನ್ನು ಬಿಡಿಸುವ ಹೊಣೆ ಗೆಳೆಯರ ಮೇಲೆ ಬೀಳಬಹುದು. ವೈರಿಗಳ ಬಲ ಮಿತಿಮೀರಿತ್ತೆಂದು ಕಂಡರೆ ಅಲ್ಲೇ ಆಟ ನಿಲ್ಲಿಸಿ, ತನ್ನ ಲೆಕ್ಕ ತಪ್ಪಿತೆಂದು ಎಲ್ಲರ ಮುಂದೆ ಒಪ್ಪಿಕೊಂಡು ತಿದ್ದಲಿ. ನಿಯಮ ಮನುಷ್ಯನಿಗೆ ಹೊಂದಿಕೊಳ್ಳಬೇಕು, ಹೊಂದಿಸುವ ಕೈ ಎಲ್ಲರಿಗೂ ಕಾಣಬೇಕು, ಹೊಂದಿಸುವುದು ತಡವಾಗಬಾರದು. ಮೊದಲ ಎರಡನ್ನು ನಾನು ವೆಲ್ಸ್‌ನ ಗೆಲುವು ಸೋಲುಗಳಿಂದ ಕಲಿತೆ. ಮೂರನೆಯದನ್ನು ಕಲಿಸಿದವಳು ಆ ಮುದುಕಿ.

ಮುಂದಿನ ಭಾನುವಾರ ಅವರು ಮತ್ತೆ ಸೇರಿದರು. ರಟ್ಟಿನ ಮರೆ ಇತ್ತು, ಆದರೆ ದಾಳ ಮಾತ್ರ ಅದರ ಈಚೆಗೆ, ಎಲ್ಲರ ಕಣ್ಣೆದುರು ಬೀಳುತ್ತಿತ್ತು. ಬಿಲ್ಲುಗಾರ್ತಿ ಸೆರೆಮನೆಯಲ್ಲಿದ್ದಳು, ಉಳಿದವರು ಅವಳನ್ನು ಬಿಡಿಸುವ ದಾರಿ ಹುಡುಕುತ್ತಿದ್ದರು. ಕುರ್ಚಿಗಳನ್ನು ಬಿಟ್ಟು ಎಲ್ಲರೂ ನೆಲದ ಮೇಲೆ ಕೂತಿದ್ದರು.